ಮಾವನ ಗುಟ್ಟಿನ ರಾಕ್ ಬ್ಯಾಂಡ್

ಓದುಗರೆಲ್ಲರಿಗೂ ನಮಸ್ಕಾರ. ಶಾಲೆಯ ಮೆಟ್ಟಿಲು ತಡವಾಗಿ ಹತ್ತಿದವನು ನಾನು. ಒಂದೇ ಬೆರಳಿನಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗಂಗಾವತಿಯಲ್ಲಿ ಒಂದು ರಾಕ್ ಬ್ಯಾಂಡ್ ಇತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ನಂಬಿದ್ದೀರೆಂದು ಗೊತ್ತಾದರೆ ನಮ್ಮ ಸೋದರಮಾವ, "ಅವರಿಗೆ ಯಾರು ಹೇಳ್ಯಾರ?" ಎಂದು ನನ್ನ ಕುತ್ತಿಗೆ ಹಿಡಿಯುತ್ತಾರೆ.

1997ರಲ್ಲಿ ಮಾವ ಹುಬ್ಬಳ್ಳಿಯಿಂದ ಗಿಟಾರ್ ತಂದರು. ಹಾಡುಗಳನ್ನೂ ತಾವೇ ಕಟ್ಟಿದರು. ಡ್ರಮ್ಮಿಗೆ ನವಲಿಯ ಬಸಣ್ಣ, ಕೀಬೋರ್ಡಿಗೆ ನಾನು.

"ಬ್ಯಾಂಡಿಗೆ ಹೆಸರೇನಿಟ್ಟೀರಿ ಮಾವಾ?"

ಮಾವ ಕಣ್ಣು ಸಣ್ಣ ಮಾಡಿದರು. "ನಿನಗ್ಯಾಕ ಬೇಕು? ಯಾರು ಕಳಿಸ್ಯಾರ ನಿನ್ನ?"

ಇವತ್ತಿಗೂ ನಮ್ಮ ಬ್ಯಾಂಡಿನ ಹೆಸರು ನನಗೆ ಗೊತ್ತಿಲ್ಲ!

ಅಭ್ಯಾಸ ಎಲ್ಲಿ ಅಂತೀರಾ? ಮಾವ ಕೆಲಸಕ್ಕಿದ್ದ ಅಕ್ಕಿ ಮಿಲ್ಲಿನ ಗೋದಾಮಿನಲ್ಲಿ, ಅದೂ ಮಿಲ್ಲು ಓಡುವಾಗ ಮಾತ್ರ. "ಹೊರಗ ಒಬ್ಬ ಕೇಳಿದ್ರ ಸಾಕು, ನಾಳೆ ನನ್ನ ಟ್ಯೂನು ಅವರ ಕ್ಯಾಸೆಟ್ಟಿನ್ಯಾಗ ಇರ್ತೈತಿ!" ಮಾವನ ಪಾದ ಕುಣಿದರೆ ನಾವು ಬಾರಿಸಬೇಕು, ನಿಂತರೆ ನಿಲ್ಲಿಸಬೇಕು. ಇಂಥ ಶಿಸ್ತು ಯಾವ ಬ್ಯಾಂಡಿಗಿದೆ ಹೇಳಿ!

ಹಿಟ್ನಾಳದಲ್ಲಿ ಒಮ್ಮೆ ವೇದಿಕೆ ಸಿಕ್ಕಿತು. ಮುಂದಿನ ಸಾಲಿನಲ್ಲಿ ಒಬ್ಬನ ಕೈಯಲ್ಲಿ ಟೇಪ್ ರೆಕಾರ್ಡರ್! ಮಾವ ಗಿಟಾರಿನ ವೈರು ಕಿತ್ತರು, ಮೈಕ್ ಆರಿಸಿದರು, ತುಟಿಯಲ್ಲೇ ಹಾಡಿದರು.

"ಏ, ಆವಾಜ್ ಬರವಲ್ದು!" ಜನ ಕೂಗಿದರು.

"ಬರಬಾರ್ದಂತನ ಮಾಡೀನಿ!"

ಮೂರ್ನಾಲ್ಕು ವರ್ಷ ಕಳೆದ ಮೇಲೆ ಯಲಬುರ್ಗಾದಲ್ಲಿ ಒಂದು ಮದುವೆಗೆ ಮೂವರೂ ಹೋಗಿದ್ದೆವು. ಅಲ್ಲಿನ ವಾಲಗದವರು ಏನೋ ಊದಿದರು. ಮಾವನಿಗೆ ಊಟ ಇಳಿಯಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬಸಣ್ಣನ ಅಂಗಿ ಹಿಡಿದೇಬಿಟ್ಟರು.

"ನನ್ನ ಟ್ಯೂನು ಅವರಿಗೆ ಮಾರಿದಿ ಹೌದಿಲ್ಲೋ? ಇವತ್ತಿಗೆ ಬ್ಯಾಂಡ್ ಬಂದ್! ನೀ ಯಾರೋ, ನಾ ಯಾರೋ!"

ಬಸಣ್ಣನ ಮುಖ ಬಾಡಿತು. "ಅಣ್ಣಾರ, ಇಷ್ಟು ವರ್ಸ ಆತು, ನಿಮ್ಮ ಹಾಡು ಹೆಂಗೈತಿ ಅಂತ ನನಗ ಗೊತ್ತ ಇಲ್ರಿ. ಆ ಮಿಲ್ಲಿನ ಗದ್ದಲದಾಗ ಏನ್ ಕೇಳ್ತೈತ್ರಿ?"

"ಮತ್ಯಾಕ ಬರ್ತಿದ್ದಿ?"

"ಹಾಡೂಮುಂದ ನಿಮ್ಮ ಮಾರಿ ಭಾಳ ಛಲೋ ಕಾಣ್ತಿತ್ರಿ. ಅದನ್ನ ನೋಡಾಕ ಬರ್ತಿದ್ದೆ."

ಮಾವ ಅಂಗಿ ಬಿಟ್ಟರು. ಕುಷ್ಟಗಿ ಬಸ್ಸಿಗೆ ಕಾಯುತ್ತಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಅವರೆದುರೇ ಮಾವ ಬಾಯಿ ತೆರೆದು ಹಾಡಿದರು. ದನಿ ನಡುಗುತ್ತಿತ್ತು. ನಾನೂ ಮೊದಲ ಸಲ ಕೇಳುತ್ತಿದ್ದೆ. ಹಾಡು ಮುಗಿದ ಮೇಲೆ ಬಸಣ್ಣ ಕಣ್ಣೊರೆಸಿಕೊಂಡ.

"ಇಷ್ಟು ಚಂದ ಐತಿ ಅಂತ ಗೊತ್ತಿದ್ರ, ಅಷ್ಟು ಜೋರ ಬಾರಿಸ್ತಿದ್ದಿಲ್ರಿ ಅಣ್ಣಾರ."

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅವರ ಕಥೆ ಬರೆದು ತಿಳಿಸಿ. ನಮ್ಮ ಮಾವನಿಗೆ ಮಾತ್ರ ಹೇಳಬೇಡಿ!