ಹೊಟ್ಟೆ ಕೊಯ್ಯಿಸಿಕೊಂಡ ಕುರಿ ವ್ಯಾಪಾರಿ

ಹೊಟ್ಟೆ ಕೊಯ್ಯಿಸಿಕೊಂಡು ಊರಿಗೆ ವಾಪಸ್ ಬಂದವನ ಸುತ್ತ ನಗು ಬರುವಂಥದ್ದು ದಿನಾ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಗುವುದಕ್ಕೆ ಹೊಲಿಗೆ ಬಿಡಬೇಕು, ಅಷ್ಟೆ.

ನಾನು ಹಿರಿಯೂರಿನ ಕುರಿ ವ್ಯಾಪಾರಿ. ಎಪ್ಪತ್ತರ ದಶಕದಲ್ಲಿ ನನ್ನ ಹೊಟ್ಟೆಯೊಳಗೆ ಕ್ಯಾನ್ಸರ್ ಗಡ್ಡೆ ಎದ್ದಿತು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಗಡ್ಡೆಯ ಜೊತೆಗೆ ಮುಕ್ಕಾಲು ಹೊಟ್ಟೆಯನ್ನೂ ತೆಗೆದರು. "ಗಡ್ಡೆ ಪೂರ್ತಿ ಬಂದಿದೆ, ಸ್ವಲ್ಪ ಸ್ವಲ್ಪ ತಿನ್ನಿ, ಆಮೇಲೆ ನಿಮ್ಮ ಕೆಲಸಕ್ಕೆ ಹೋಗಿ" ಅಂದರು ಡಾಕ್ಟರು. ನಾನು ನಂಬಿದೆ. ಊರು ನಂಬಲಿಲ್ಲ. ಆ ಕಾಯಿಲೆಯ ಹೆಸರು ಕೇಳಿದರೆ ಸಾಕು, ಮುಂದಿನದನ್ನು ಜನ ತಾವೇ ಮುಗಿಸಿಕೊಳ್ಳುತ್ತಿದ್ದ ಕಾಲ ಅದು. ಹೆಚ್ಚೇನು, ನನ್ನ ಹೆಂಡತಿಯೇ ನಂಬಲಿಲ್ಲ. ನಾನು ಕಣ್ಣು ಮುಚ್ಚಿದರೆ ಮೂಗಿನ ಹತ್ತಿರ ಅವಳ ಬೆರಳು ಬರುತ್ತಿತ್ತು. ನನಗೆ ಅದೊಂದೇ ಚಿಂತೆ: ಇವಳಿಗೆ ಧೈರ್ಯ ಬರುವುದು ಯಾವಾಗ?

ಬೆನ್ನು ಹಿಡಿದವರು

ಮೊದಲು ನೋಡಲು ಬಂದವರು ಜೊತೆಯ ಇಬ್ಬರು ವ್ಯಾಪಾರಿಗಳು. ಬ್ರೆಡ್ಡು, ಮೋಸಂಬಿ ಎಲ್ಲಾ ತಂದಿದ್ದರು. ನಮ್ಮ ಕಸುಬಿನಲ್ಲಿ ಟಗರಿನ ಸೊಂಟದ ಮೇಲೆ ಹೆಬ್ಬೆರಳಿಟ್ಟು ಅಮುಕಿ ನೋಡಿದರೆ ಮೈಯಲ್ಲಿ ಎಷ್ಟು ಮಾಂಸವಿದೆ ಅಂತ ಗೊತ್ತಾಗುತ್ತದೆ. ನನ್ನನ್ನು ಎಬ್ಬಿಸಿ ಕೂರಿಸುವ ನೆಪದಲ್ಲಿ ಒಬ್ಬನ ಕೈ ತಾನಾಗಿಯೇ ನನ್ನ ಸೊಂಟಕ್ಕೆ ಹೋಯಿತು. ಅಮುಕಿದ. ಇನ್ನೊಬ್ಬನ ಮುಖ ನೋಡಿದ.

"ಏನೂ ಇಲ್ಲ ಕಣ್ರಿ, ಬರೀ ಮೂಳೆ."

ಇನ್ನೊಬ್ಬನೂ ಅಮುಕಿ ನೋಡಿದ. "ಹುರುಳಿ ಹಾಕಿ ಮೇಯಿಸಿದ್ರೆ ಮೈ ತುಂಬ್ತೈತೆ ಬಿಡ್ರಿ, ಜಾತಿ ಒಳ್ಳೇದೈತೆ."

ಒಳಗಿದ್ದ ನನ್ನ ಹೆಂಡತಿಯ ಕಿವಿಗೆ ಇದು ಬಿತ್ತು. ಮಾರನೇ ದಿನದಿಂದ ನನ್ನ ಗಂಜಿಯೊಳಗೆ ಹುರುಳಿ ನುಚ್ಚು ಬಂತು. ಸಂಜೆಗೊಮ್ಮೆ ಅವಳೂ ಬಂದು ಸೊಂಟ ಅಮುಕಿ ನೋಡಿ ಹೋಗತೊಡಗಿದಳು.

ಪಕ್ಕದ ಮನೆಯವರ ಸಮಾಧಾನ

ಪಕ್ಕದ ಮನೆಯ ಅಜ್ಜಿ ಧೈರ್ಯ ಹೇಳಲು ಬಂದರು.

"ಹೊಳಲ್ಕೆರೆನಾಗೆ ನಮ್ಮ ಭಾವನೂ ನಿನ್ನಂಗೇ ಇದ್ರಪ್ಪ. ಉಣ್ತಿದ್ರು, ತಿರುಗಾಡ್ತಿದ್ರು. ಬೆಳಿಗ್ಗೆ ಎದ್ದು ನೋಡಿದ್ರೆ ಜೀವ ಇಲ್ಲ."

ನನ್ನ ಹೆಂಡತಿ ಬಾಗಿಲು ಹಿಡಿದು ನಿಂತಳು. ನಾನೇ ಕೇಳಿದೆ, "ಅವರಿಗೂ ಹೊಟ್ಟೆಯೊಳಗೇ ಆಗಿತ್ತೇನಜ್ಜಿ?"

"ಇಲ್ಲಪ್ಪ, ಹಾವು ಕಚ್ಚಿತ್ತು."

ಹರಕೆ ಟಗರು

ನಾನು ಬದುಕಿ ಬಂದರೆ ದೇವರಿಗೆ ಟಗರು ಕೊಡುತ್ತೇನೆಂದು ಧರ್ಮಪುರದ ನಮ್ಮಕ್ಕ ಹರಕೆ ಹೊತ್ತಿದ್ದಳು. ನಾನು ಬದುಕಿ ಬಂದೆ. ಹರಕೆ ಯಾರ ಹೆಸರಿನದೋ ಅವರೇ ಮೊದಲ ಎಲೆಗೆ ಕೂತು ಹೊಟ್ಟೆ ತುಂಬ ಉಣ್ಣಬೇಕು ಎನ್ನುವುದು ನಮ್ಮ ಕಡೆಯ ಪದ್ಧತಿ. ನಾನು ಉಣ್ಣುವವರೆಗೂ ಊರೆಲ್ಲ ಕಾಯುತ್ತಾ ಕೂತಿತ್ತು. ಅರ್ಧ ಮುದ್ದೆ, ನಾಲ್ಕು ತುಂಡು ಆಗುವಷ್ಟರಲ್ಲಿ ನಾನು ಕೈ ತೊಳೆದೆ.

"ಇನ್ನೊಂದು ತುತ್ತು ತಿನ್ನಪ್ಪ, ದೇವ್ರು ಏನಂದ್ಕಳ್ತಾನೆ?" ಅಂದಳು ಅಕ್ಕ.

"ಜಾಗ ಇಲ್ಲಕ್ಕ. ಹೊಟ್ಟೆ ಬೆಂಗ್ಳೂರ್ನಾಗೇ ಉಳೀತು."

ಅಕ್ಕ ಸಾರು ತುಂಬಿದ್ದ ಹಂಡೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. "ಮುಂಚೇನೇ ಹೇಳ್ಬಾರ್ದಿತ್ತೇನೋ? ಕೋಳಿ ಅಂತ ಹರಕೆ ಹೊರ್ತಿದ್ದೆ."

ಟವೆಲ್ಲಿನ ಕೆಳಗೆ

ಮೈ ಸ್ವಲ್ಪ ತುಂಬಿದ ಮೇಲೆ ಸಂತೆಗೆ ಹೊರಟೆ. ಹೆಂಡತಿ ಬೇಡವೆಂದಳು, ಅತ್ತಳು, ಕೊನೆಗೆ ಬುತ್ತಿ ಕಟ್ಟಿಕೊಟ್ಟಳು.

ಕುರಿ ಸಂತೆಯಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲು ಮುಚ್ಚಿ, ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಚೌಕಾಸಿ ಮಾಡುತ್ತೇವೆ. ಅವತ್ತು ನನ್ನ ಕೈಯನ್ನು ಎಲ್ಲರೂ ಬಾಣಂತಿಯ ಕೂಸನ್ನು ಮುಟ್ಟಿದ ಹಾಗೆ ಮುಟ್ಟಿದರು. ನಾನು ಕೊಳ್ಳುವವನು, ಬೇಕಂತಲೇ ಅರ್ಧಕ್ಕರ್ಧ ಕಮ್ಮಿ ರೇಟಿಗೆ ಬೆರಳು ಹಿಡಿದೆ. "ಆಗ್ಲಿ ಬಿಡ್ರಿ, ನಿಮಗಿಂತ ಹೆಚ್ಚಾ" ಅಂದರು. ನನ್ನ ಎದೆ ಒಡೆಯಿತು. ಸಾಯುವವನ ಜೊತೆ ಯಾರು ತಾನೇ ಚೌಕಾಸಿ ಮಾಡುತ್ತಾರೆ?

ಕೊನೆಗೆ ಹೊಸದುರ್ಗದವನೊಬ್ಬನ ಹತ್ತಿರ ಒಂದು ಟಗರು ನೋಡಿದೆ. ಅವನು ನನ್ನ ಹಳೇ ಹಗೆ. ಟವೆಲ್ಲಿನ ಕೆಳಗೆ ನಾನು ಬೆರಳು ಹಿಡಿದೆನೋ ಇಲ್ಲವೋ, ನನ್ನ ಕೈಯನ್ನು ಮುರಿದೇ ಹೋಗುವ ಹಾಗೆ ಹಿಂಡಿದ.

"ಲೇ, ಹೊಟ್ಟೆ ಕೊಯ್ದ ಡಾಕ್ಟ್ರು ನಿನ್ನ ಜಿಪುಣತನ ಕೊಯ್ಲಿಲ್ವೇನ್ಲೇ?"

ನನ್ನ ಕಣ್ಣಲ್ಲಿ ನೀರು ಬಂತು. ನೋವಿಗಲ್ಲ, ಸಂತೋಷಕ್ಕೆ. ಬಿಸಿಲು ಏರುವವರೆಗೂ ಕಿತ್ತಾಡಿದೆವು. ಅವನು ನನ್ನ ವಂಶ ಜಾಲಾಡಿದ, ನಾನು ಅವನದ್ದು. ಆ ಖುಷಿಯಲ್ಲಿ ಟಗರು ಹಿಡಿದುಕೊಂಡು ಮನೆಗೆ ಬಂದೆ.

ಹೆಂಡತಿ ಟಗರಿನ ಬಾಯಿ ಬಿಡಿಸಿ ನೋಡಿದಳು. "ಹಲ್ಲೆಲ್ಲ ಸವೆದೈತಲ್ರೀ. ಇದು ಮುದಿಯದು. ಬಾಯಿ ಬಿಡಿಸಿ ನೋಡ್ಲಿಲ್ವಾ?"

ಮರೆತೇ ಹೋಗಿತ್ತು. "ಯಾರು ಕೊಟ್ಟಿದ್ದು?" ಅಂದಳು. ಹೇಳಿದೆ.

"ಅವನು ನಿಮಗೆ ಟೋಪಿ ಹಾಕಿದ್ನಾ? ಕಾಯಿಲೆ ಮನುಷ್ಯ ಅಂತ ಕನಿಕರ ಪಡ್ಲಿಲ್ವಾ?"

"ಒಂದಿಷ್ಟೂ ಪಡ್ಲಿಲ್ಲ ಕಣೇ."

ಅವಳು ಅಲ್ಲೇ ಹೊಸ್ತಿಲ ಮೇಲೆ ಕೂತಳು. ಆಸ್ಪತ್ರೆಗೆ ಹೋದ ದಿನದಿಂದ ತಡೆದಿಟ್ಟುಕೊಂಡಿದ್ದ ಉಸಿರನ್ನು ಬಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು ಹೊಸದುರ್ಗದ ದಿಕ್ಕಿಗೆ ತಿರುಗಿ ಕೈ ಮುಗಿದಳು.

"ಹಾಳಾದೋನು," ಅಂದಳು, "ಅವನ ಹೊಟ್ಟೆ ತಣ್ಣಗಿರ್ಲಿ."