ಏನು ಕೆಡತೈತಿ, ಮೊದಲ ಅದನ್ನ ಹೇಳ್ರಿ

ನಮ್ಮ ಬಳಗದಲ್ಲಿ ಯಾರ ಮನೆಯಲ್ಲಿ ಶುಭಕಾರ್ಯದ ಮಾತು ಎದ್ದರೂ ಮೊದಲು ಬಾಗಿಲು ಹಾಕಿಕೊಳ್ಳುತ್ತಿದ್ದರು. ನಮ್ಮ ಸೋದರತ್ತೆಗೆ ಕೇಳಿಸಬಾರದೆಂದು! ಮುಂಡರಗಿಯಾಚೆ ಹೊಳೆ ದಂಡೆಯ ಹಳ್ಳಿಯಲ್ಲಿದ್ದವಳಿಗೆ ಬೆಟಗೇರಿಯ ಮಾತು ಹೇಗೆ ಕೇಳಿಸೀತು ಅನ್ನುತ್ತೀರಾ? ಕೇಳಿಸುತ್ತಿತ್ತು. ಮರುದಿನ ಮೊದಲ ಬಸ್ಸಿಗೆ ಬಂದಿಳಿಯುತ್ತಿದ್ದಳು. ಕಾಲು ತೊಳೆದು, ನೀರು ಕುಡಿದು, ಗೋಡೆಗೆ ಒರಗಿ ಕೂತು ಒಂದೇ ಮಾತು ಕೇಳುತ್ತಿದ್ದಳು: "ಏನೇನು ಕೆಡತೈತಿ, ಮೊದಲ ಅದನ್ನ ಹೇಳ್ರಿ."

ಮದುವೆಯ ಮನೆಯಲ್ಲಿ ಕೂತು ಇದನ್ನು ಕೇಳಿದರೆ ಯಾರಿಗೆ ಸಹನೆಯಾದೀತು? ಒಬ್ಬರು ಬಿಡ್ತು ಅನ್ನುತ್ತಿದ್ದರು, ಇನ್ನೊಬ್ಬರು ದೇವರ ಕೋಣೆಯ ಕಡೆ ನೋಡುತ್ತಿದ್ದರು. ಅತ್ತೆ ಮಾತ್ರ ಉತ್ತರ ಬರುವ ತನಕ ಕದಲುತ್ತಿರಲಿಲ್ಲ.

ನನ್ನ ತಂಗಿಯ ಮದುವೆ ಲಕ್ಷ್ಮೇಶ್ವರದ ಹುಡುಗನ ಜೊತೆ ಗೊತ್ತಾಗಿತ್ತು. ದಿನ ನಿಶ್ಚಯ ಮಾಡಲು ಬೀಗರ ಮನೆಯ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕೂಡಿದ್ದರು. ಫಳಾರ ಮುಗಿದಿತ್ತು. ಮೂರು ತಿಂಗಳಾಚೆಯ ಒಂದು ಮುಹೂರ್ತ ಎಲ್ಲರಿಗೂ ಒಪ್ಪಿಗೆಯಾಗಿತ್ತು. ಅದೇ ಪಡಸಾಲೆಯ ಮೂಲೆಯ ಮಂಚದ ಮೇಲೆ ಹುಡುಗನ ಅಜ್ಜ ಮಲಗಿದ್ದರು. ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದಂತೆ ಎಳೆಯುತ್ತಿದ್ದರು. ಅದು ಎಲ್ಲರ ಕಿವಿಗೂ ಬೀಳುತ್ತಿತ್ತು. ಎಲ್ಲರೂ ಪಂಚಾಂಗ ನೋಡುತ್ತಿದ್ದರು. ಆಗ ಅತ್ತೆ ಕೇಳಿಯೇಬಿಟ್ಟಳು:

"ಮೂರು ತಿಂಗಳು ಅಂತೀರಿ. ಅಷ್ಟರಾಗ ಅಜ್ಜಾರಿಗೆ ಏನರ ಆದ್ರ?"

ನಮ್ಮಪ್ಪನ ಮುಖ ಕೆಂಪಗಾಯಿತು. ಬೀಗರು ಎದ್ದೇ ಹೋಗುತ್ತಾರೆಂದುಕೊಂಡೆವು. ಅವರದೇ ಮನೆ, ಎದ್ದು ಎಲ್ಲಿಗೆ ಹೋದಾರು, ಆ ಮಾತು ಬೇರೆ. ಅಷ್ಟರಲ್ಲಿ ಮಂಚದ ಮೇಲಿನ ಕೈ ಮೆಲ್ಲಗೆ ಮೇಲೆದ್ದಿತು.

"ಆ ತಂಗಿ ಕೇಳಿದ್ದು ಖರೆ ಐತಿ," ಎಂದರು ಅಜ್ಜ. "ನಾನೂ ಅದನ್ನ ಕೇಳಬೇಕಂತಿದ್ದೆ. ಇವರು ಯಾರೂ ನನ್ನ ಕಡೆ ನೋಡವಲ್ಲರು."

ಮದುವೆ ಇಪ್ಪತ್ತು ದಿನಕ್ಕೆ ಬಂತು. ಇಪ್ಪತ್ತು ದಿನದಲ್ಲಿ ಮದುವೆ ಮಾಡುವುದೆಂದರೆ ಹುಡುಗಾಟವೇ? ಅತ್ತೆ ಬೆಟಗೇರಿಯ ನಮ್ಮ ಮನೆಯಲ್ಲಿ ಬಿಡಾರ ಹೂಡಿದಳು. ಮೊದಲು, ಏನೇನು ಮಾಡುವುದಿಲ್ಲ ಎನ್ನುವುದನ್ನು ಎಲ್ಲರ ಬಾಯಿಂದ ಹೇಳಿಸಿದಳು. ಬ್ಯಾಂಡಿಲ್ಲ, ಮೆರವಣಿಗೆಯಿಲ್ಲ, ಎರಡನೇ ದಿನದ ಊಟವಿಲ್ಲ. ಉಳಿದ ಕೆಲಸಗಳಲ್ಲಿ ಒಂದೊಂದಕ್ಕೂ ಒಂದೇ ಹೆಸರು. ಯಾರಾದರೂ "ಅದನ್ನು ಎಲ್ಲರೂ ಕೂಡಿ ನೋಡಿಕೊಳ್ಳೋಣ" ಎಂದರೆ ಅವರನ್ನೇ ಎಬ್ಬಿಸಿ ನಿಲ್ಲಿಸಿ, ಎಲ್ಲರೂ ಅಂದರೆ ಯಾರು, ಹೆಸರು ಹೇಳಿ ಎನ್ನುತ್ತಿದ್ದಳು. ಜವಳಿ ಚಿಕ್ಕಪ್ಪನಿಗೆ, ಅಡಿಗೆಯವರು ನನಗೆ, ಆಮಂತ್ರಣ ಅವ್ವನಿಗೆ. ಅಪ್ಪನಿಗೆ ಕೊಟ್ಟದ್ದು ಒಂದೇ ಕೆಲಸ: ಮದುವೆ ಮುಗಿಯುವ ತನಕ ಸಿಟ್ಟು ಮಾಡದೆ ಇರುವುದು. ಅದೊಂದೇ ಕೆಲಸ ಸರಿಯಾಗಿ ಆಗಲಿಲ್ಲ!

ಮದುವೆ ಬೀಗರ ಪಡಸಾಲೆಯಲ್ಲೇ ಆಯಿತು. ಅಜ್ಜ ಮಂಚದ ಮೇಲೆ ಮಲಗಿಕೊಂಡೇ ವಧೂವರರಿಗೆ ಅಕ್ಕಿಕಾಳು ಹಾಕಿದರು. ಮದುವೆಯಾದ ಹನ್ನೆರಡನೆಯ ದಿನಕ್ಕೆ ತೀರಿಕೊಂಡರು. ಮಣ್ಣು ಮುಗಿಸಿಕೊಂಡು ಬರುವಾಗ ಲಕ್ಷ್ಮೇಶ್ವರದಿಂದ ಗದಗಿನ ತನಕ ಅಪ್ಪ ಅತ್ತೆಯ ಪಕ್ಕದಲ್ಲೇ ಕೂತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಅವಳ ಚೀಲವನ್ನು ತಾನೇ ಹಿಡಿದುಕೊಂಡ.

ಗದಗ ಹೊಸ ಜಿಲ್ಲೆಯಾದ ಮೇಲೆ ನನಗೆ ಧಾರವಾಡದಿಂದ ಊರಿಗೇ ವರ್ಗವಾಯಿತು. ಬೆಟಗೇರಿಯ ನಮ್ಮ ಮನೆಯ ಮಾಳಿಗೆ ಸೋರುತ್ತಿತ್ತು. ಹುಸೇನಸಾಬ ಎಂಬ ಗೌಂಡಿಗೆ ದುರಸ್ತಿ ಕೆಲಸ ಒಪ್ಪಿಸಿದೆ. ಕೈ ಬಲು ಚೊಕ್ಕ. ಬಾಯಿ ಅದಕ್ಕಿಂತ ಚೊಕ್ಕ. ಯಾವಾಗ ಕೇಳಿದರೂ "ಆತ್ರಿ ಸಾಹೇಬ್ರ" ಎನ್ನುತ್ತಿದ್ದ. ನಾನು ಆಯಿತೆಂದು ತಿಳಿದು ಕಚೇರಿಗೆ ಹೋಗುತ್ತಿದ್ದೆ. ಹೀಗೆ ಮೂರು ವಾರ ಆಯಿತು, ಮಾಳಿಗೆ ಆಗಲಿಲ್ಲ. ಅತ್ತೆ ಬಂದಳು. ಆ ವಯಸ್ಸಿನಲ್ಲಿ ನಿಚ್ಚಣಿಕೆ ಹತ್ತಿ ತನ್ನ ಕಣ್ಣಿಂದಲೇ ನೋಡಿ, ಇಳಿದು ಬಂದು ಅವನನ್ನು ಎದುರಿಗೆ ಕೂರಿಸಿಕೊಂಡಳು.

"ಆತು ಅಂದ್ರ ಏನಪಾ ಹುಸೇನಣ್ಣ? ಆಗೇತ್ಯೋ, ಆಗಾಕ ಹತ್ತೈತ್ಯೋ, ಇಲ್ಲಾ ನಾಳೆ ಮಾಡೋಣಂತ ಮನಸಿನ್ಯಾಗ ಐತ್ಯೋ?"

ಹುಸೇನಸಾಬ ತಲೆ ಕೆರೆದುಕೊಂಡ. "ಮೂರನೇದ್ದು ಅಕ್ಕಾರ," ಎಂದ.

ಅತ್ತೆ ಬೈಯಲಿಲ್ಲ. ಯಾವ ಕೆಲಸ ಮುಗಿಯದೆ ಯಾವುದು ಶುರುವಾಗುವುದಿಲ್ಲ ಎಂದು ಅವನಿಂದಲೇ ಹೇಳಿಸಿದಳು. ನೋಡಿದರೆ ಎಲ್ಲವೂ ಒಂದು ಬಂಡಿ ಮಣ್ಣಿಗಾಗಿ ನಿಂತಿದ್ದವು. ಅದನ್ನು ತರಿಸುವವರು ಯಾರು? ನಾನೆಂದು ಅವನು, ಅವನೆಂದು ನಾನು! ಅದೇ ದಿನ ಮಣ್ಣು ಬಂತು. ಶುಕ್ರವಾರದೊಳಗೆ ಮುಗಿಯಲೇಬೇಕು, ಶನಿವಾರ ನೆಂಟರು ಬರುತ್ತಾರೆ ಎಂದು ಅತ್ತೆ ಗಡುವು ಹಾಕಿದಳು. ಯಾವ ನೆಂಟರೂ ಇರಲಿಲ್ಲ. ಮಳೆಗೆ ಮುಂಚೆ ಒಂದು ವಾರ ಕೈಯಲ್ಲಿರಲಿ ಎಂದು ಅವಳು ಹಾಗೆ ಹೇಳಿದ್ದು. ಇದು ಗೊತ್ತಾದ ಮೇಲೆ, ಸುಳ್ಳು ಹೇಳಿದಿರಲ್ಲ ಅಕ್ಕ ಎಂದು ಹುಸೇನಸಾಬ ನೊಂದುಕೊಂಡ. ನೀನು ಮೂರು ವಾರ ಆತು ಅಂದಿದ್ದೆಯಲ್ಲ ಎಂದಳು ಅತ್ತೆ. ಅಂದಿನಿಂದ ಅವನೂ ತನ್ನ ಕೆಲಸದವರು "ಆತ್ರಿ" ಎಂದರೆ ಸಾಕು, "ಎಷ್ಟನೇ ಆತು?" ಎಂದು ಕೇಳಲು ಕಲಿತ.

ಈಚೆಗೆ ನಮ್ಮ ಕಚೇರಿಯವರು ನಮ್ಮನ್ನು ಮೂರು ದಿನದ ತರಬೇತಿಗೆ ಕಳಿಸಿದ್ದರು. ದೊಡ್ಡ ಕೆಲಸಗಳನ್ನು ನಿಭಾಯಿಸುವುದು ಹೇಗೆ ಎಂದು ಟೈ ಕಟ್ಟಿಕೊಂಡವರೊಬ್ಬರು ಬಣ್ಣದ ಚೌಕಗಳನ್ನು ತೋರಿಸಿ ವಿವರಿಸಿದರು. ಪಕ್ಕದವರು ಬರೆದುಕೊಂಡರು. ನಾನು ಬರೆದುಕೊಳ್ಳಲಿಲ್ಲ. ಏಳನೆಯ ಇಯತ್ತೆ ಓದಿದ ಹೆಂಗಸೊಬ್ಬಳು ಇದನ್ನೆಲ್ಲ ನಮಗೆ ಬೈದು ಬೈದು ಕಲಿಸಿದ್ದಳು.

ಆದರೆ ಅವಳು ಹುಟ್ಟಿನಿಂದ ಹೀಗಿರಲಿಲ್ಲ. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಅತ್ತೆಯ ಗಂಡ, ನಮ್ಮ ಮಾಮಾ, ಮಿತಭಾಷಿ. ಅವರಿಗೆ ಮಕ್ಕಳಿರಲಿಲ್ಲ. ತಂಗಿಯ ಮದುವೆಗೂ ಎಷ್ಟೋ ಮೊದಲು, ಸಕ್ಕರೆ ಕಾಯಿಲೆಯಿಂದ ಮಾಮಾನ ಕಣ್ಣು ಮಂಜಾಗತೊಡಗಿದಾಗ ಅತ್ತೆ ನಮ್ಮ ಮನೆಗೆ ಬಂದು, ಹುಬ್ಬಳ್ಳಿಯ ಕಣ್ಣಿನ ದವಾಖಾನೆಗೆ ಕರೆದೊಯ್ಯಬೇಕೇನು ಎಂದು ಕೇಳಿದ್ದಳು. ಏನೂ ಆಗುವುದಿಲ್ಲ, ವಯಸ್ಸಾಯಿತಲ್ಲ ಎಂದು ಅಪ್ಪ ಹೇಳಿದ. ನಾನೂ ಹೂಂಗುಟ್ಟಿದೆ. ಅವಳು ನಮ್ಮ ಮಾತು ನಂಬಿ ಊರಿಗೆ ಹೋದಳು. ಮುಂದೆ ಹುಬ್ಬಳ್ಳಿಗೆ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ಮಾಮಾನಿಗೆ ಪೂರ್ತಿ ಕತ್ತಲಾಯಿತು. ಏನು ಕೆಡುತ್ತದೆ ಎಂದು ಅವಳು ಕೇಳತೊಡಗಿದ್ದು ಆಮೇಲೆ. ಅವಳು ಹಾಗೆ ಕೇಳಿದಾಗಲೆಲ್ಲ ನಗುತ್ತಿದ್ದವರಲ್ಲಿ ನಾನೂ ಒಬ್ಬ.

ನಮ್ಮ ಮಾಳಿಗೆ ದುರಸ್ತಿಯಾದ ಕೆಲವು ವರ್ಷಗಳಲ್ಲಿ ಅವರ ಊರು ಮುಳುಗಡೆಯ ಪಟ್ಟಿಗೆ ಸೇರಿತು. ಹೊಳೆಗೆ ಕಟ್ಟೆ ಬರುತ್ತದೆ, ನೀರು ಹಿಂದಕ್ಕೆ ನಿಲ್ಲುತ್ತದೆ. ಊರಿನವರು ಅತ್ತರು, ಜಗಳಾಡಿದರು, ನೀರು ಬರುವುದೇ ಇಲ್ಲ ಎಂದೂ ಕೆಲವರು ಹೇಳಿಕೊಂಡರು. ಅತ್ತೆ ಅಳುವುದಕ್ಕೂ ಪುರುಸೊತ್ತು ಮಾಡಿಕೊಳ್ಳಲಿಲ್ಲ. ಮೇಲಿನ ಬಯಲಿನಲ್ಲಿ ಸಿಕ್ಕ ಜಾಗದಲ್ಲಿ ಮನೆ ಕಟ್ಟಲು ಹುಸೇನಸಾಬನನ್ನು ಕರೆಸಿದಳು.

ಅವನು ಖುಷಿಯಿಂದ ಹೋದವನು ವಾರದಲ್ಲೇ ನನ್ನ ಕಚೇರಿಗೆ ಬಂದು ಗೋಳು ಹೇಳಿಕೊಂಡ. ಜಾಗ ವಿಶಾಲವಾಗಿದೆ, ದೊಡ್ಡ ಹಾಲ್, ದೊಡ್ಡ ಕಿಟಕಿ ಮಾಡಿಕೊಡುತ್ತೇನೆಂದರೆ ಅಕ್ಕ ಒಪ್ಪುವುದಿಲ್ಲ. ಹಳೆಯ ಮನೆಯನ್ನು ಹಗ್ಗ ಹಿಡಿದು ಅಳೆದು ತಂದಿದ್ದಾಳೆ. ಅಷ್ಟೇ ಇಕ್ಕಟ್ಟಿನ ಪಡಸಾಲೆ, ಅಲ್ಲೇ ಅಡ್ಡಗೋಡೆ, ಅಷ್ಟೇ ಎತ್ತರದ ಹೊಸ್ತಿಲು. ಹಿತ್ತಲ ಬಾಗಿಲು ನಾಲ್ಕು ಬೆರಳು ಸರಿದಿದ್ದಕ್ಕೆ ಗೋಡೆ ಒಡೆಸಿದಳು.

ನಾನು ಹೋಗಿ, ಹೊಸ ಮನೆಗೆ ಹಳೆಯ ಇಕ್ಕಟ್ಟು ಯಾಕೆ ಎಂದು ಕೇಳಿದೆ.

"ಈ ಮನಿ ನನಗಲ್ಲಪಾ," ಎಂದಳು ಅತ್ತೆ. "ಕಣ್ಣಿದ್ದಾವ್ರು ಎಲ್ಲೆರ ಹೊಂದಿಕೋತೇವಿ. ಅವರು ಆ ಮನ್ಯಾಗ ಯಾರ ಕೈನೂ ಹಿಡೀದ ಅಡ್ಡಾಡ್ತಾರ. ಇಲ್ಲೂ ಹಂಗ ಅಡ್ಡಾಡಬೇಕು."

ನಾನು ಹೊರಗೆ ಬಂದು ಹುಸೇನಸಾಬನಿಗೆ, ಅಕ್ಕ ಹೇಳಿದಂತೆಯೇ ಕಟ್ಟು ಎಂದೆ.

ಸ್ಥಳಾಂತರದ ದಿನ ನಾನೂ ಹುಸೇನಸಾಬನೂ ಇದ್ದೆವು. ಸಾಮಾನು ಮೊದಲೇ ಹೋಗಿ ತಂತಮ್ಮ ಜಾಗದಲ್ಲಿ ಕೂತಿದ್ದವು. ನೀರಿನ ಹರವಿ ಬಲಕ್ಕೆ, ಎಲೆಸಂಚಿ ಗೋಡೆಯ ಮಾಡದಲ್ಲಿ. ಕೊನೆಗೆ ಮಂಚ, ಅದರ ಬೆನ್ನಿಗೆ ಜೀಪಿನಲ್ಲಿ ಮಾಮಾ. ಸ್ವಲ್ಪ ಹೊತ್ತು ಮಂಚದ ಮೇಲೆ ಕೂತವರು ತಾವಾಗಿಯೇ ಎದ್ದರು. ನಾವು ಮೂವರೂ ದಾರಿ ಬಿಟ್ಟು ಗೋಡೆಗೆ ಸರಿದು ನಿಂತೆವು. ಮಾಮಾ ಮಾಡಕ್ಕೆ ಕೈ ಹಾಕಿದರು, ಎಲೆಸಂಚಿ ಸಿಕ್ಕಿತು. ಅಡ್ಡಗೋಡೆ ಬಳಸಿದರು. ಹೊಸ್ತಿಲು ಬಂದಲ್ಲಿ ಕಾಲು ತಾನಾಗಿ ಮೇಲೆದ್ದಿತು. ಹುಸೇನಸಾಬ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ. ಮಾಮಾ ಹಿತ್ತಲ ಬಾಗಿಲ ತನಕ ಹೋಗಿ, ಚೌಕಟ್ಟು ಹಿಡಿದು, ಹೊರಗೆ ಕಿವಿಗೊಟ್ಟು ನಿಂತರು.

"ಹೊಳಿ ಸಪ್ಪಳ ಕೇಳವಲ್ದಲ್ಲ," ಎಂದರು.

ಹಳೆಯ ಮನೆಯ ಹಿತ್ತಲ ಕೆಳಗೇ ಹೊಳೆ ಬಂಡೆಗಲ್ಲುಗಳಿಗೆ ಬಡಿದು ಹರಿಯುತ್ತಿತ್ತು. ಮುಂದೊಂದು ದಿನ ಅಲ್ಲಿಗೆ ಕರೆದೊಯ್ದರೂ ಅದು ಕೇಳಿಸುವಂತಿರಲಿಲ್ಲ. ನೀರು ನಿಂತ ಮೇಲೆ ಬಂಡೆಗಳೇ ಮುಳುಗಿಹೋಗುತ್ತವೆ. ನಾನು ಅತ್ತೆಯ ಕಡೆ ನೋಡಿದೆ. ಅವಳ ಮುಖ ಬಿಳಚಿಕೊಂಡಿತ್ತು.

"ಅದೊಂದು ನನಗ ಹೊಳೀಲಿಲ್ರಿ," ಎಂದಳು.

ಮಾಮಾ ಗಾಳಿಯಲ್ಲಿ ಕೈ ಆಡಿಸಿ ಅವಳ ತೋಳು ಹುಡುಕಿಕೊಂಡರು.

"ಇರ್ಲಿ ಬಿಡು. ನೀ ಮಾತಾಡಿಕೋತ ಇರು."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, ಹಿತ್ತಲಲ್ಲಿ ನುಗ್ಗೆ ಎಲ್ಲಿ ಹಚ್ಚಬೇಕು, ಕರಿಬೇವು ಎಲ್ಲಿ ಹಚ್ಚಬೇಕು ಎಂದು ಒಂದೊಂದಾಗಿ ಹೇಳತೊಡಗಿದಳು. ಮಾಮಾ ಚೌಕಟ್ಟಿಗೆ ತಲೆಯೊರಗಿಸಿ ಕೇಳುತ್ತ ನಿಂತರು. ನಾನೂ ಹುಸೇನಸಾಬನೂ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಸಪ್ಪಳವಾಗದಂತೆ ಮುಂಬಾಗಿಲಿನಿಂದ ಹೊರಗೆ ಬಂದೆವು.