ಒಲಿ ಇಲ್ಲದಾಕಿಗೆ ಉಡಿಯಕ್ಕಿ

ನಮ್ಮತ್ತಿಯಿಂದ ದಾನ ತಗೊಳ್ಳೋದು ಅಂದರೆ ಸುಮ್ಮನೆ ಮಾತಲ್ಲ ನೋಡ್ರಿ, ಅದಕ್ಕೆ ಗಟ್ಟಿ ಗುಂಡಿಗೆ ಬೇಕು! ಕೊಟ್ಟು ಸುಮ್ಮನಾಗೋ ಪೈಕಿ ಅಲ್ಲ ಅವರು. ಕೊಟ್ಟಿದ್ದನ್ನು ನಿಮಗೆ ಉಡಿಸಿ, ತಿನ್ನಿಸಿ, "ಹೆಂಗೈತಿ?" ಅಂತ ಕೇಳಿ, "ಚಲೋ ಐತ್ರಿ" ಅನ್ನಿಸಿಕೊಂಡೇ ಅಲ್ಲಿಂದ ಕದಲೋದು.

ಅತ್ತಿ ಅಂದರೆ ನಮ್ಮಪ್ಪನ ಅಕ್ಕ. ಚಳಿಗಾಲ ಬಂತಲ್ಲ, ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನಿನಲ್ಲಿ ಮಲಗೋ ಮನೆಯಿಲ್ಲದ ಜನಕ್ಕೆ ಒಂದೊಂದು ಚೀಲ ಕೊಡೋಣ ಅಂತ ಹೊಸಪೇಟೆಯ ನಮ್ಮ ಓಣಿಯ ಹೆಣ್ಣುಮಕ್ಕಳು ಸೇರಿ ಮಾತಾಡಿಕೊಂಡೆವು. ಹೊದಿಕೆ, ಸೋಪು, ಬ್ರಶ್ಶು, ಪೇಸ್ಟು, ಬಿಸ್ಕಿಟು. ಮುಗೀತಲ್ಲ? ಮುಗಿಯೋಕೆ ನಮ್ಮತ್ತಿ ಬಿಡಬೇಕಲ್ಲ!

ಮೊದಲ ತಕರಾರು ಹೊದಿಕೆಯ ಮೇಲೆ. ಪಡಸಾಲೆಯಲ್ಲಿ ಫ್ಯಾನು ಜೋರಾಗಿ ಹಾಕಿ, ಬರೀ ನೆಲದ ಮೇಲೆ ಮಲಗಿ, ಹೊದ್ದು ನೋಡಿದರು. ಎದ್ದವರೇ ಅಷ್ಟನ್ನೂ ಆಟೋಕ್ಕೆ ಹೇರಿದರು. ಆಟೋದವರ ಜೊತೆ ಚೌಕಾಶಿ ಮಾಡದೆ ನಮ್ಮತ್ತಿ ಹತ್ತಿದ್ದೇ ಇಲ್ಲ. ಅವತ್ತಿನ ಆಟೋದವನಂತೂ "ಪುಕ್ಸಟ್ಟೆ ಹತ್ರಿ ಯವ್ವಾ, ಮಾತು ನಿಲ್ಲಿಸ್ರಿ" ಅಂತ ಕೈ ಮುಗಿದ. ಸೀದಾ ಅಂಗಡಿಗೆ.

"ಇದೇನು ಹೊದಿಕಿನೋ, ಸೊಳ್ಳಿ ಪರದೆನೋ?"

"ಭಾಳ ಬೆಚ್ಚಗಿರ್ತದ್ರಿ ಅಮ್ಮಾ, ಗ್ಯಾರಂಟಿ!"

"ಹಂಗಾರ ನೀನೇ ಹೊದ್ಕೊಂಡು ನೆಲದ ಮ್ಯಾಲ ಮಲಗು, ನೋಡೂಣು."

ಗಿರಾಕಿಗಳೆಲ್ಲ ನೋಡುತ್ತಿದ್ದ ಹಾಗೇ ಆ ಸಾಹುಕಾರ ತನ್ನ ಅಂಗಡಿಯ ನಡುವೆ ಮಲಗಿದ! ಎದ್ದವನೇ ದಪ್ಪನೆಯವು ತೆಗೆದು ಕೊಟ್ಟ.

ಹಂಚೋದರಲ್ಲೂ ಅದೇ ಕಥೆ. ಹಂಪಿ ಬಜಾರದ ಕಲ್ಲುಮಂಟಪದ ನೆರಳಿನಲ್ಲಿ ಒಬ್ಬ ಮಲಗಿದ್ದ. ಜಡೆಗಟ್ಟಿದ ಕೂದಲು, ಮೊಣಕಾಲಲ್ಲಿ ಹರಿದ ಪ್ಯಾಂಟು. ನಾನು "ಅತ್ತೀ, ಬ್ಯಾಡ" ಅನ್ನೋದರೊಳಗೆ ಎಬ್ಬಿಸಿ ಚೀಲ ಕೊಟ್ಟೇ ಬಿಟ್ಟರು. ಎದ್ದು ಕೂತವನು ನೀಲಿಗಣ್ಣಿನ ಪರದೇಶಿ ಪ್ರವಾಸಿ!

"ಅತ್ತೀ, ಅಂವಾ ವಿಮಾನದಾಗ ಬಂದಾನ!"

"ಬರಲಿ ಬಿಡು. ಆ ತಲಿ ಎಣ್ಣಿ ಕಂಡು ಎಷ್ಟು ವರ್ಷಾತೋ! ಹೇಳೋರು ಕೇಳೋರು ಇಲ್ಲೇನು ಇವಂಗ?"

ಅವನು ಭಕ್ತಿಯಿಂದ ಕೈ ಮುಗಿದು ಬ್ರಶ್ಶು ಪೇಸ್ಟು ಜೇಬಿಗಿಳಿಸಿದ. ಮರುದಿನದಿಂದ ಪ್ರತಿ ಚೀಲಕ್ಕೂ ಒಂದು ಕೊಬ್ಬರಿ ಎಣ್ಣೆ ಡಬ್ಬಿ ಸೇರಿತು.

ನಮ್ಮ ನಿಜವಾದ ಜಗಳ ಆದದ್ದು ಅಕ್ಕಿಗೆ. ಹೆಂಗಸರ ಚೀಲ ಬಿಚ್ಚಿದರೆ ಸೋಪಿನ ಪಕ್ಕ ಅಕ್ಕಿ, ಕೊಬ್ಬರಿ ಬಟ್ಟಲು, ಕುಬಸದ ಖಣ, ಹಸಿರು ಬಳೆ!

"ಒಲಿ ಇಲ್ಲದಾಕಿ ಅಕ್ಕಿ ತಗೊಂಡು ಏನು ಮಾಡಬೇಕ್ರಿ ಅತ್ತಿ?"

"ಹೆಣ್ಣುಮಗಳನ್ನ ಬರೇ ಬ್ರಶ್ಶು ಪೇಸ್ಟು ಕೊಟ್ಟು ಕಳಸ್ತಾರೇನ ಹುಚ್ಚಿ? ಉಡಿ ತುಂಬಬೇಕು!"

ಮಗಳನ್ನು ತವರಿನಿಂದ ಕಳಿಸುವಾಗ ಸೆರಗಿಗೆ ಅಕ್ಕಿ ಹಾಕಿ ಉಡಿ ತುಂಬುತ್ತಾರೆ, ನಿಜ. ಬಸ್ ಸ್ಟ್ಯಾಂಡು ಯಾರ ತವರು? ಅದೂ ಈ ಮಾತು ಹೇಳುವವರು ಯಾರು? ಮಾವ ತೀರಿಕೊಂಡಾಗಿನಿಂದ ಯಾರ ಮನೆಯ ಉಡಿ ತುಂಬೋ ಕಾರ್ಯಕ್ಕೂ ಅಡುಗೆಮನೆ ಬಿಟ್ಟು ಈಚೆ ಬಾರದ ನಮ್ಮತ್ತಿ! ಕರೆದರೆ "ಅಲ್ಲಿ ನಂದೇನೈತಿ, ಹೋಳಿಗಿ ಸೀದಾವು" ಅಂತಾರೆ. ನಾನು ಅಕ್ಕಿ ತೆಗೆದಿಟ್ಟೆ. ಅವರು ಮತ್ತೆ ಹಾಕಿಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ಕಂಪ್ಲಿ ಬಸ್ಸು ನಿಲ್ಲೋ ಕಡೆ ಒಬ್ಬ ಹೆಂಗಸು ಇರುತ್ತಿದ್ದಳು. ಏನು ಕೊಟ್ಟರೂ "ನಾ ಬೇಡಾಕಿ ಅಲ್ಲ, ಒಯ್ರಿ" ಅಂತ ವಾಪಸು ನೂಕುತ್ತಿದ್ದಳು. ಚಳಿ ಏರಿತ್ತು. ಕೆಮ್ಮು ಎದೆಗಿಳಿದಿತ್ತು. ಮೈಮೇಲೆ ತೆಳ್ಳನೆಯ ಸೀರೆ ಬಿಟ್ಟರೆ ಏನೂ ಇಲ್ಲ. ಹೊದಿಕೆ ತಗೊಳ್ಳದಿದ್ದರೆ ಈಕೆ ಈ ಚಳಿ ದಾಟೋದಿಲ್ಲ ಅಂತ ನನಗೆ ಹೆದರಿಕೆಯಾಗಿತ್ತು.

ಅವತ್ತು ಸಂಜೆ ಅತ್ತಿ ಆಕೆಯ ಮುಂದೆ ಹೊದಿಕೆ ಮಡಚಿ ನೆಲಕ್ಕೆ ಹಾಸಿದರು.

"ಏಳವ್ವ, ಇದರ ಮ್ಯಾಲ ಕುಂದ್ರು. ಉಡಿ ತುಂಬಬೇಕು ನಿನಗ."

"ನನಗ್ಯಾಕ್ರಿ ಉಡಿ?"

"ನಮ್ಮೂರಾಗ ಇದ್ದಮ್ಯಾಲ ನಮ್ಮ ಮಗಳು. ಬರೀ ನೆಲದಾಗ ಕುಂತು ಉಡಿ ತುಂಬಿಸ್ಕೊಂತಾರೇನು? ಏಳು ಜಲ್ದಿ!"

ಆಕೆ ಅತ್ತಿಯನ್ನೇ ನೋಡಿದಳು. ಎದ್ದಳು. ಹೊದಿಕೆಯ ಮೇಲೆ ಕೂತು ಸೆರಗು ಒಡ್ಡಿದಳು.

ಅಕ್ಕಿಗೆ ಕೈ ಹಾಕಿದ ಅತ್ತಿ ಗಕ್ಕನೆ ನಿಂತರು. ಚೀಲ ನನ್ನ ಕಡೆ ಚಾಚಿ, "ನೀ ತುಂಬು. ನನ್ನ ಕೈಲೆ ಬ್ಯಾಡ" ಅಂತ ಪಿಸುಗುಟ್ಟಿದರು. ನಮ್ಮತ್ತಿಗೆ ಪಿಸುಗುಟ್ಟೋಕೆ ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ!

"ಯಾಕ್ರಿ, ಕೈಗೇನಾಗೈತಿ?" ಅಂದಳು ಆಕೆ.

"ಗಂಡ ಇಲ್ಲವ್ವ ನನಗ."

"ನನಗ ಮನಿನೇ ಇಲ್ಲ. ತುಂಬ್ರಿ."

ಅತ್ತಿ ತುಂಬಿದರು. ಕೊಬ್ಬರಿ ಬಟ್ಟಲು, ಖಣ, ಬಳೆ ಒಂದೂ ಬಿಡದೆ ಇಟ್ಟರು. ಉಡಿ ತುಂಬಿಸಿಕೊಂಡವಳು, ತವರು ಬರಿದಾಗಬಾರದು ಅಂತ ಒಂದು ಹಿಡಿ ವಾಪಸು ಹಾಕೋದು ನಮ್ಮ ಕಡೆಯ ಪದ್ಧತಿ. ಆಕೆ ಅದನ್ನು ಮರೆತಿರಲಿಲ್ಲ. ಹಿಡಿ ತುಂಬ ಅಕ್ಕಿ ಎತ್ತಿಕೊಂಡು, "ಸೆರಗು ಒಡ್ರಿ ಯವ್ವಾ" ಅಂದಳು.

ಅತ್ತಿ ಒಡ್ಡಿದರು. ನನಗೆ ಅಳು ತಡೆಯಲಾಗಲಿಲ್ಲ.

ಹೊರಡುವಾಗ ಆಕೆ ಹೊದಿಕೆ ಎತ್ತಿ ಕೊಡಲು ಬಂದಳು. "ಉಡಿ ತುಂಬಿಸ್ಕೊಂಡು ಕುಂತ ಹಾಸಿಗಿ ನಾವು ಮುಟ್ಟಂಗಿಲ್ಲ, ಪದ್ಧತಿ!" ಅಂತ ಅತ್ತಿ ಗದರಿದರು. ಅಂಥ ಪದ್ಧತಿ ಭೂಮಿ ಮೇಲೆ ಎಲ್ಲೂ ಇಲ್ಲ! ಅದು ಆಕೆಗೂ ಗೊತ್ತು. ನಕ್ಕಳು, ಹೊದ್ದುಕೊಂಡಳು. ಇನ್ನು ಒಲೆಯ ಚಿಂತೆ ಇದ್ದದ್ದು ನನಗೊಬ್ಬಳಿಗೇ. ಎದುರಿನ ಖಾನಾವಳಿಯಾಕಿ ಅಕ್ಕಿ ಕೊಟ್ಟರೆ ಬೇಯಿಸಿ ಕೊಡ್ತಾಳೆ ಅನ್ನೋದು ಆಕೆಗೆ ಮೊದಲೇ ತಿಳಿದಿತ್ತು.

ಹೊರಗೆ ಆಟೋದವನು ಬಾಯಿಗೆ ಬಂದ ರೇಟು ಹೇಳಿದ. ಈಗ ಶುರುವಾಯ್ತು ರಾಮಾಯಣ ಅಂದುಕೊಂಡು ನಾನು ಅತ್ತಿಯ ಮುಖ ನೋಡಿದೆ.

"ಹತ್ತವ್ವ, ಹೋಗೂಣು" ಅಂದರು. ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡಿದ್ದರು. ಮನೆ ಮುಟ್ಟೋವರೆಗೂ ಬಿಡಲಿಲ್ಲ.